ಎರಡನೇ ಸಲ ಕೇಳದ ಊರು

ಟಿವಿಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಮೇಜಿನ ಮೇಲೆ ಮೂರು ಕಾಲೇಜಿನ ಮೂರು ಟೋಪಿ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅವನ ಅಮ್ಮ, ಎದುರಿಗೆ ಸಾಲು ಕ್ಯಾಮೆರಾ. ಒಂದು ಟೋಪಿಯ ಮೇಲೆ ಕೈ ಇಟ್ಟ, ತೆಗೆದ, ಆಮೇಲೆ ಬೇರೆಯದನ್ನು ಎತ್ತಿ ತಲೆಗೆ ಹಾಕಿಕೊಂಡ. ನನ್ನ ಪಕ್ಕದಲ್ಲಿ ಕೂತಿದ್ದ ಡೇಲ್, ಅರವತ್ತು ದಾಟಿದ ಮನುಷ್ಯ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆ ಹುಡುಗ ಅವನ ಮೊಮ್ಮಗನಲ್ಲ, ಗುರುತಿನವನೂ ಅಲ್ಲ. ಇಲ್ಲಿನ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ಸೇರುತ್ತಾನೆ ಅಂತ ಡೇಲ್ ಮತ್ತು ಅವನ ಗೆಳೆಯರೆಲ್ಲ ನಂಬಿಕೊಂಡಿದ್ದರು, ಅವನು ಇನ್ನೆಲ್ಲಿಗೋ ಸೇರಿದ, ಅಷ್ಟೇ. ನಮ್ಮಲ್ಲಿ ಸಿಇಟಿ ಸೀಟು ತಪ್ಪಿದರೆ ಮಗನಿಗಾಗಿ ಅಪ್ಪ ಅಳುವುದನ್ನು ನೋಡಿದ್ದೇನೆ. ಯಾರದೋ ಮಗ ಯಾವುದೋ ಕಾಲೇಜಿಗೆ ಹೋದ ಅಂತ ಅಳುವ ಗಂಡಸನ್ನು ನೋಡಿದ್ದು ಅದೇ ಮೊದಲು. ಎಂಥಾ ಊರಿಗೆ ಬಂದು ಬಿದ್ದೆನಪ್ಪಾ ಅಂದುಕೊಂಡೆ.

ನಾನು ಮೈಸೂರಿನವಳು. ಅಲ್ಲಿ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದೆ, ಹುಡುಗಿಯರ ಖೋ-ಖೋ ತಂಡಕ್ಕೆ ಕೋಚ್. ನಾನು ಸೀಟಿ ಊದಿದರೆ ಪಕ್ಕದ ಬೀದಿಯ ಸೈಕಲ್ಲೂ ನಿಲ್ಲುತ್ತೆ ಅಂತ ಟೀಚರುಗಳು ತಮಾಷೆ ಮಾಡುತ್ತಿದ್ದರು. ಮದುವೆಯಾಗಿ ಗಂಡ ಗಿರೀಶ್ ಅವರ ವೀಸಾದ ಬಾಲ ಹಿಡಿದು ಇಲ್ಲಿಗೆ, ಅಮೆರಿಕಾಕ್ಕೆ ಬಂದೆ. ಅವರಿಗೆ ಪೇಟೆ ನಡುವಿನ ಸೌತ್ ಲೇಕ್ ಯೂನಿಯನ್‌ನಲ್ಲಿ ಆಫೀಸು, ಮನೆ ಮಾಡಿದ್ದು ದೂರದ ಇಸ್ಸಾಕ್ವಾದ ಗುಡ್ಡದ ಮೇಲೆ. ಬೆಳಿಗ್ಗೆ ಅವರು ಕಾರು ತೆಗೆದುಕೊಂಡು ಹೋದರೆಂದರೆ ನನ್ನ ಕಾಲು ಕತ್ತರಿಸಿದ ಹಾಗೆ. ಕೊತ್ತಂಬರಿ ಸೊಪ್ಪಿಗೂ ಕಾರು ಬೇಕು. ಬಾಲದ ವೀಸಾದವರು ಸಂಬಳದ ಕೆಲಸ ಮಾಡುವಂತಿಲ್ಲ ಅಂತ ಕಾನೂನು. ದಿನವಿಡೀ ಓಡಿಸಿ, ಕೂಗಿ, ಬೈದು ಬದುಕಿದ್ದವಳು ಕಿಟಕಿಯಲ್ಲಿ ನಿಂತು ಜಿನುಗು ಮಳೆ ನೋಡುತ್ತಿದ್ದೆ. ಮನೆಯೊಳಗೆ ಜೋರಾಗಿ ಮಾತಾಡೋದೇ ಮರೆತುಹೋಗಿತ್ತು.

ಡೇಲ್ ಪಕ್ಕದ ಮನೆಯವನು. ಅವನ ಹೆಂಡತಿ ಕ್ಯಾರೊಲ್ ನಾವು ಬಂದ ಹೊಸದರಲ್ಲಿ ಬಾಳೆಹಣ್ಣಿನ ಬ್ರೆಡ್ಡು ತಂದುಕೊಟ್ಟಳು, ಖಾಲಿ ತಟ್ಟೆ ವಾಪಸ್ಸು ಕೊಡಬಾರದಲ್ಲ, ನಾನು ಮದ್ದೂರು ವಡೆ ಹಾಕಿ ಕೊಟ್ಟೆ. ಆವತ್ತಿಂದ ಅವರ ಗರಾಜಿಗೆ ನನಗೆ ಪ್ರವೇಶ ಸಿಕ್ಕಿತು. ಆ ಗರಾಜಿನಲ್ಲಿ ಕಾರು ಇರಲಿಲ್ಲ, ಪಾಪ ಅದು ಹೊರಗೆ ನೆನೆಯುತ್ತಿತ್ತು. ಒಳಗೆ ಹಳೇ ಸೋಫಾ, ಫ್ರಿಜ್ಜು, ದೊಡ್ಡ ಟಿವಿ, ನೇರಳೆ ಬಣ್ಣದ ಜೆರ್ಸಿ ಹಾಕಿದ ನಾಲ್ಕೈದು ಜನ ಗೆಳೆಯರು. ಶನಿವಾರ ಆಟ ನೋಡುವುದು, ಆಟ ಇಲ್ಲದ ತಿಂಗಳುಗಳಲ್ಲಿ ಆಟದ ಬಗ್ಗೆ ಜಗಳ ಆಡುವುದು.

ಜಗಳವೆಲ್ಲ ಕೋಚ್ ಮೇಲೆ. ಅವನನ್ನು ಇವತ್ತೇ ಕಿತ್ತುಹಾಕಿ ಅನ್ನುವ ಪಾರ್ಟಿ ಒಂದು, ಇನ್ನೊಂದು ವರ್ಷ ಕೊಡಿ, ಅವನು ತಂದ ಹುಡುಗರು ಬಲಿಯಲಿ ಅನ್ನುವ ಪಾರ್ಟಿ ಇನ್ನೊಂದು. ಮೈಸೂರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಾ ಕ್ರಿಕೆಟ್ ಕ್ಯಾಪ್ಟನ್ನನಿಗೆ ಮಂಗಳಾರತಿ ಎತ್ತುವವರೇ ಇಲ್ಲೂ ಕೂತಿದ್ದಾರೆ ಅನ್ನಿಸಿ ನನಗೆ ಜೀವ ಬಂತು. ಇಲ್ಲಿ ಸೋಲಿಗೂ ಒಂದು ಮರ್ಯಾದಸ್ಥ ಹೆಸರಿದೆ, ರೀಬಿಲ್ಡಿಂಗ್ ಇಯರ್. ಅಂದರೆ ಈ ವರ್ಷ ತಂಡ ಕಟ್ಟುತ್ತಿದ್ದೇವೆ, ಸೋಲುತ್ತೇವೆ, ದಯವಿಟ್ಟು ಉಗಿಯಬೇಡಿ ಅಂತ ಅರ್ಥ. ಗಿರೀಶ್ ಅದನ್ನು ಹಿಡಿದುಕೊಂಡು ನನ್ನ ಮುಖ ಸಪ್ಪಗಿದ್ದಾಗೆಲ್ಲ, ನಿನಗಿದು ರೀಬಿಲ್ಡಿಂಗ್ ಇಯರ್ ಕಣೇ ಅನ್ನುತ್ತಿದ್ದರು. ಮೈ ಉರಿಯುತ್ತಿತ್ತು.

ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಅದರ ನಿಯಮ ನನಗೆ ಪೂರ್ತಿ ಬಗೆಹರಿಯಲೇ ಇಲ್ಲ. ಕಾಲುಗಳು ಮಾತ್ರ ಅರ್ಥವಾದವು. ಅಟ್ಟಿಸಿಕೊಂಡು ಹೋಗುವವನು ಯಾವಾಗ ಸೊಂಟ ತಿರುಗಿಸುತ್ತಾನೆ, ಓಡುವವನು ಯಾವ ಭುಜ ತೋರಿಸಿ ಯಾವ ಕಡೆ ನುಸುಳುತ್ತಾನೆ, ಇದೆಲ್ಲ ಖೋ-ಖೋದಲ್ಲಿ ಅರೆದು ಕುಡಿದದ್ದೇ. ಒಂದೆರಡು ಸಲ ಬಾಯಿ ಬಿಟ್ಟೆ. ಡೇಲ್ ಟಿವಿ ಹಿಂದಕ್ಕೆ ಓಡಿಸಿ ನೋಡಿದ, ಹೌದಲ್ಲ ಅಂದ. ಆಮೇಲಿಂದ ಸೋಫಾದಲ್ಲಿ ನನಗೊಂದು ಜಾಗ ಕಾಯಂ ಆಯಿತು.

ರಿಕ್ರೂಟಿಂಗ್ ಅನ್ನುವುದೂ ನನಗೆ ಗೊತ್ತಿದ್ದ ಕೆಲಸವೇ ಅಂತ ತಿಳಿದು ಖುಷಿಯಾಯಿತು. ಕೋಚುಗಳು ಹೈಸ್ಕೂಲು ಹುಡುಗರ ಮನೆಗೆ ಹೋಗಿ, ಅಮ್ಮಂದಿರ ಕೈ ಅಡುಗೆ ಹೊಗಳಿ, ನಮ್ಮಲ್ಲಿಗೆ ಕಳಿಸಿ ಅಂತ ಗೋಗರೆಯುತ್ತಾರೆ. ನಾನೂ ಮಂಡಿ ಮೊಹಲ್ಲಾದ ಓಣಿಗಳಲ್ಲಿ ಹಾಗೆ ಅಲೆದವಳು. ಹುಡುಗಿ ಬಿಸಿಲಲ್ಲಿ ಕಪ್ಪಗಾಗ್ತಾಳೆ, ಕೈಕಾಲು ಮುರ್ಕೊಂಡರೆ ಯಾರು ಕಟ್ಕೋತಾರೆ ಅಂತ ತಾಯಂದಿರು ಮೊದಲ ಸಲ ಬಾಗಿಲಲ್ಲೇ ಬೇಡ ಅನ್ನುತ್ತಿದ್ದರು. ಎರಡನೇ ಸಲ ಹೋದರೆ ಕಾಫಿ ಕೊಟ್ಟು ಬೇಡ ಅನ್ನುತ್ತಿದ್ದರು. ಮೂರನೇ ಸಲಕ್ಕೆ, ನೀವು ಇಷ್ಟು ಹೇಳ್ತೀರಲ್ಲ ಅಂತ ಕಳಿಸುತ್ತಿದ್ದರು. ಡೇಲ್ ಕೂಡ ಅದನ್ನೇ ಗುದ್ದಿ ಗುದ್ದಿ ಹೇಳುತ್ತಿದ್ದ. "ಹುಡುಗ ಬೇಡ ಅಂದ ಮೇಲೆ ತಾನೇ ರಿಕ್ರೂಟಿಂಗ್ ಶುರುವಾಗೋದು? ನಮ್ಮ ಕೋಚು ಒಂದು ಸಲ ಹೋಗ್ತಾನೆ, ಬಂದುಬಿಡ್ತಾನೆ." ಮನುಷ್ಯರು ಎಲ್ಲಾ ಕಡೆ ಒಂದೇ ಅಂತ ನಾನು ನಂಬಿದ್ದು ಆ ಮಾತಿನಿಂದ. ಸುಳ್ಳು ನಂಬಿಕೆ.

ಆ ಚಳಿಗಾಲ ಕೋಚನ್ನು ಕಿತ್ತರು. ಹೊಸಬನ ಬಗ್ಗೆ ಗರಾಜಿನಲ್ಲಿ ವಾರಗಟ್ಟಲೆ ಚರ್ಚೆ. ದೂರದ ಸಣ್ಣ ಊರಲ್ಲಿ ಗೆದ್ದು ಗೆದ್ದು ಹೆಸರು ಮಾಡಿದವನೊಬ್ಬನ ಮಾತು ಬಂತು. ಅವನಿಗೆ ನಮ್ಮ ರೀತಿ ರಿವಾಜು ಗೊತ್ತಿಲ್ಲ, ನಮ್ಮವನೇ ಬರಲಿ ಅಂತ ಎಲ್ಲರೂ ತಲೆಯಾಡಿಸಿದರು. ಗೆಲ್ಲಿಸೋದು ಗೊತ್ತಿದ್ದವನಿಗೆ ಊರೇನು, ಕೇರಿಯೇನು ಅಂತ ನಾನೊಬ್ಬಳೇ ವಾದ ಮಾಡಿದೆ. ನಕ್ಕರು.

ವಸಂತಕ್ಕೆ ನಮ್ಮ ಬಡಾವಣೆಯ ಕ್ಲಬ್ಬು ಹುಡುಗಿಯರಿಗೆ ಫ್ಲ್ಯಾಗ್ ಫುಟ್‌ಬಾಲ್ ಶುರು ಮಾಡಿತು. ಅದರಲ್ಲಿ ಮೈಮೇಲೆ ಬೀಳುವಂತಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ನನಗೆ ಹೇಳಿ ಮಾಡಿಸಿದ ಆಟ. ಡೇಲ್‌ನ ಮೊಮ್ಮಗಳಿಗೂ ಅವಳ ಗೆಳತಿಯರಿಗೂ ರಸ್ತೆ ಕೊನೆಯಲ್ಲಿ ತಪ್ಪಿಸಿಕೊಳ್ಳುವ ಓಟ ಕಲಿಸಿದವಳೇ ನಾನು. ಕಮಿಟಿಯಲ್ಲಿದ್ದ ಡೇಲ್ ಒಂದು ಶನಿವಾರ ಎಲ್ಲರೆದುರು ಕೇಳಿದ, ರತ್ನ, ಆ ತಂಡಕ್ಕೆ ನೀನು ಕೋಚ್ ಆಗ್ತೀಯಾ, ಸಂಬಳ ಇಲ್ಲ, ವೀಸಾ ತಕರಾರೂ ಇಲ್ಲ ಅಂತ.

ಹೂಂ ಅನ್ನೋಕೆ ನಾಲಿಗೆ ತುದಿಗೆ ಬಂದಿತ್ತು. ಆದರೆ ಬಾಯಿ ನಮ್ಮಮ್ಮ ಕಲಿಸಿದ್ದನ್ನೇ ಹೇಳಿತು. ಅಯ್ಯೋ, ನಾನೆಲ್ಲಿ, ನನಗೇನು ಗೊತ್ತು, ನಿಮ್ಮಲ್ಲೇ ಗೊತ್ತಿರೋರು ಎಷ್ಟೋ ಜನ ಇದ್ದಾರೆ, ಬೇಡ. ಡೇಲ್, ಪರವಾಗಿಲ್ಲ, ಹೇಳಿದ್ದು ಒಳ್ಳೇದಾಯ್ತು ಅಂತ ಚಿಪ್ಸಿನ ಬಟ್ಟಲು ಮುಂದೆ ತಳ್ಳಿದ.

ಮನೆಗೆ ಕುಣಿಯುತ್ತಾ ಬಂದೆ. ಹೂಂ ಅಂದ್ಯಾ ಅಂತ ಗಿರೀಶ್ ಕೇಳಿದರು. ಕೇಳಿದ ತಕ್ಷಣ ಹೂಂ ಅನ್ನೋಕಾಗುತ್ತೇನ್ರೀ, ಏನಂದ್ಕೋತಾರೆ, ಇನ್ನೊಂದು ಸಲ ಕೇಳಲಿ ಅಂದೆ. ಅವರೂ ಮೈಸೂರಿನವರೇ, ಅದೂ ಸರಿ ಅಂತ ತಲೆಯಾಡಿಸಿದರು. ಎರಡನೇ ಸಲ ಒಬ್ಬಟ್ಟು ಬಡಿಸಲು ಬಂದಾಗ ಕೈ ಅಡ್ಡ ಹಿಡಿಯುವುದು ಬೇಡ ಅಂತಲ್ಲವಲ್ಲ. ಅಂಗಡಿಗೆ ಹೋಗಿ ಹೊಸ ಸೀಟಿ ತಂದೆ. ಯಾರಿಗೆ ಯಾವ ಜಾಗ ಅಂತ ಮನಸ್ಸಿನಲ್ಲೇ ತಂಡ ಕಟ್ಟಿದೆ. ಬೆಲ್ ಆದಾಗಲೆಲ್ಲ ಡೇಲ್ ಇರಬೇಕು ಅಂತ ಬಾಗಿಲಿಗೆ ಓಡಿದೆ.

ಬಂದದ್ದು ಕ್ಯಾರೊಲ್‌ಳ ಈಮೇಲ್. ಕೆಳಗಿನ ರಸ್ತೆಯ ಒಬ್ಬ ಹುಡುಗಿಯ ಅಪ್ಪ, ಸ್ಕೂಲಲ್ಲಿ ಒಂದಷ್ಟು ದಿನ ಫುಟ್‌ಬಾಲ್ ಆಡಿದವನು, ಕೋಚ್ ಆಗಿದ್ದ. ತಿಂಡಿಗೆ ನನ್ನ ಹೆಸರು ಹಾಕಿದ್ದರು. ನಿನ್ನ ವಡೆ ಅಂದರೆ ಮಕ್ಕಳಿಗೆ ಪ್ರಾಣ ಅಂತ ಕೆಳಗೆ ಒಂದು ಸಾಲು.

ಚಪ್ಪಲಿ ಮೆಟ್ಟಿಕೊಂಡು ನೇರ ಗರಾಜಿಗೆ ಹೋದೆ. ಡೇಲ್ ಒಬ್ಬನೇ ಇದ್ದ. ನನ್ನನ್ನೇಕೆ ಕರೆಯಲಿಲ್ಲ ಅಂತ ಕೇಳಿದೆ.

"ನೀನೇ ಬೇಡ ಅಂದೆಯಲ್ಲ, ರತ್ನ. ನಿನ್ನ ಮಾತಿಗೆ ಬೆಲೆ ಕೊಟ್ಟೆ."

"ಹುಡುಗರು ಬೇಡ ಅಂದರೆ ಹತ್ತು ಸಲ ಮನೆಗೆ ಹೋಗಬೇಕು ಅಂತೀಯ."

ಅವನು ನಿಜವಾಗಿಯೂ ಗೊಂದಲಗೊಂಡು ನನ್ನನ್ನು ನೋಡಿದ. "ಅದು ಫುಟ್‌ಬಾಲ್ ಅಲ್ವಾ," ಅಂದ.

ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಕೆಟ್ಟವನಲ್ಲ, ಅದೇ ನನ್ನ ಸಂಕಟ. ನನ್ನ ಸಂಕೋಚ ಮುಳುವಾಯಿತೋ, ನಮ್ಮವನೇ ಇರಲಿ ಅನ್ನುವ ಅವರ ಮನಸ್ಸೋ, ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬೇಕು. ಆ ಸೀಸನ್ ಪೂರ್ತಿ ವಡೆ ಹೊತ್ತುಕೊಂಡು ಮೈದಾನಕ್ಕೆ ಹೋದೆ. ಹುಡುಗಿಯರು ಸೊಂಟ ಬಗ್ಗಿಸದೆ ನೆಟ್ಟಗೆ ಓಡಿ ಪಟ್ಟಿ ಕಳೆದುಕೊಳ್ಳುತ್ತಿದ್ದರು, ಆ ಅಪ್ಪ ಕಾಫಿ ಹೀರುತ್ತಾ ಚಪ್ಪಾಳೆ ತಟ್ಟುತ್ತಿದ್ದ. ನಾನು ಟಿಶ್ಯೂ ಹಂಚುತ್ತಿದ್ದೆ. ಕೊನೆಗೆ ಅವನೂ ರೀಬಿಲ್ಡಿಂಗ್ ಇಯರ್ ಅಂದ. ಯೂನಿವರ್ಸಿಟಿ ಕೋಚನ್ನು ಹರಿದು ಮುಕ್ಕುವ ಗರಾಜಿನಲ್ಲಿ ಇವನ ಬಗ್ಗೆ ಒಬ್ಬರೂ ತುಟಿ ಎರಡು ಮಾಡಲಿಲ್ಲ, ಮುಂದಿನ ವರ್ಷಕ್ಕೂ ಅವನೇ. ಹೂಂ, ಖಂಡಿತ ಮಾಡ್ತೀನಿ ಅಂತ ಇಂಗ್ಲಿಷಿನಲ್ಲಿ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿಕೊಂಡೆ. ಯಾರೂ ಕೇಳಲಿಲ್ಲ. ಆದರೂ ಶನಿವಾರ ಗರಾಜಿಗೆ ಹೋಗುತ್ತಿದ್ದೆ, ಹೋಗದೆ ಇನ್ನೆಲ್ಲಿಗೆ ಹೋಗಲಿ?

ಹೋದ ವರ್ಷ ರಜೆಗೆ ಮೈಸೂರಿಗೆ ಹೋದಾಗ ನನ್ನ ಹಳೇ ಸ್ಕೂಲಿನವರು ಆಟೋಟದ ದಿನಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ಬೇಡ ಅಂದೆ. ಮನೆಗೇ ಬಂದು ಕರೆದರು. ಮತ್ತೆ ಬೇಡ ಅಂದೆ. ಹೆಡ್‌ಮಾಸ್ಟರೇ ಬಂದರು, ಹೋದೆ. ಶಾಮಿಯಾನದ ಕೆಳಗೆ ಕೂರಿಸಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದರು. ಎದುರಿಗೆ ಖೋ-ಖೋ ಅಂಕಣ. ಈಗಿನ ಕೋಚ್ ಲತಾ, ನಾನು ಬಿಟ್ಟ ಜಾಗಕ್ಕೆ ಬಂದವಳು, ಸೀಟಿ ಊದಿ ಹುಡುಗಿಯರನ್ನು ಓಡಿಸುತ್ತಿದ್ದಳು. ನನ್ನ ಅಂಗಾಲು ತುರಿಸಿತು. ಇನ್ನು ಸಂಕೋಚ ಸಾಕು, ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು ಅಂತ ನಾನು ಅಮೆರಿಕಾದಲ್ಲಿ ಕಲಿತು ಬಂದಿದ್ದೆನಲ್ಲ, ಎದ್ದು ಹೋಗಿ ಕೇಳಿಯೇಬಿಟ್ಟೆ.

"ಲತಾ, ನಾನು ಇರೋವರೆಗೂ ಬೆಳಿಗ್ಗೆ ಪ್ರಾಕ್ಟೀಸ್ ನಾನೇ ಮಾಡಿಸಲಾ?"

ಅವಳು ಸೀಟಿ ಬಾಯಿಂದ ತೆಗೆದು ನಕ್ಕಳು. ನಾನು ಉಪಚಾರಕ್ಕೆ ಕೇಳಿದೆ ಅಂದುಕೊಂಡಳು.

"ಅಯ್ಯೋ, ಕೇಳಿದ್ರಲ್ಲ ಮೇಡಂ, ಅಷ್ಟೇ ಸಾಕು. ಅಮೆರಿಕಾದಿಂದ ಬಂದಿದೀರಿ, ನಿಮಗ್ಯಾಕೆ ಈ ಧೂಳು? ಬನ್ನಿ, ಕೂತ್ಕೊಳ್ಳಿ," ಅಂತ ಕೈ ಹಿಡಿದು ಕುರ್ಚಿಯವರೆಗೂ ಬಿಟ್ಟು ಹೋದಳು.