ಅಕ್ಕನ ಮಾತ್ರೆ, ಮನೆಗೆಲ್ಲ ಒಂದೊಂದು

ನಾನು ಚಿಕ್ಕವನಿದ್ದಾಗ, ಅಂದರೆ ಆರು ವರ್ಷದ ಹಿಂದೆ, ಒಂದು ಸಲ ಸೀನಿದರೆ ಸಾಕು, ಕಟ್ಟಿದ್ದ ಮೇಕೆಗಳು ಗೂಟ ಕಿತ್ತುಕೊಂಡು ಓಡುತ್ತಿದ್ದವು. ನಗಬೇಡಿ. ನನಗೆ ಈಗ ಹದಿನಾರೇ ಇರಬಹುದು, ಆದರೆ ನೀವು ನಮ್ಮ ದೊಡ್ಡಪ್ಪನ ಮೊಮ್ಮಗಳ ಮಕ್ಕಳು. ವರಸೆಯಲ್ಲಿ ನಾನು ನಿಮಗೆ ತಾತ. ತಾತ ಹೇಳುವಾಗ ಮಧ್ಯೆ ಬಾಯಿ ಹಾಕಬಾರದು.

ಆಗ ನಾವು ಆದಿವಾಲದ ಹತ್ತಿರ ಕುರಿ ಮೇಯಿಸಿಕೊಂಡಿದ್ದೆವು. ಅಕ್ಕನ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿ ಕೀವಾಯಿತು. ಮುಳ್ಳು ನನ್ನ ಪ್ರಕಾರ ಗೇಣುದ್ದ, ಅಕ್ಕನ ಪ್ರಕಾರ ಮೊಳದುದ್ದ. ಹಿರಿಯೂರಿನ ಡಾಕ್ಟರಮ್ಮ ಮುಳ್ಳು ತೆಗೆದು, ಗಾಯ ತೊಳೆದು, ಐದು ದಿನಕ್ಕೆ ಹತ್ತು ಮಾತ್ರೆ ಕೊಟ್ಟರು. ಎರಡೇ ದಿನದಲ್ಲಿ ನೋವು ಇಳಿಯಿತು. ಅದೇ ಹೊತ್ತಿಗೆ ನನಗೆ ನೆಗಡಿ ಹಿಡಿಯಿತು.

ನಮ್ಮಲ್ಲಿ ಒಂದು ಕುರಿಗೆ ಜಂತು ಕಂಡರೆ ಇಡೀ ಹಿಂಡಿಗೆ ಔಷಧಿ ಕುಡಿಸುತ್ತಾರೆ. ಅಪ್ಪ ಮನೆಮಂದಿಗೂ ಹಾಗೇ ಮಾಡಿದ. ಅಕ್ಕನ ಉಳಿದ ಆರು ಮಾತ್ರೆಯಲ್ಲಿ ನನಗೆ ಎರಡು. ಅವ್ವ, ಅಜ್ಜಿ, ಅಜ್ಜನಿಗೆ ಒಂದೊಂದು. ಕೊನೆಗೆ ತಾನೂ ಒಂದು ನುಂಗಿದ. ನಾಯಿ ಸೀನಲಿಲ್ಲ, ಬಚಾವಾಯಿತು.

ವಾರದೊಳಗೆ ಅಕ್ಕನ ಪಾದ ಊದಿ ಸಿಹಿಗುಂಬಳದಷ್ಟಾಯಿತು. ಮೈ ಕಾದ ಹೆಂಚು. ಗಾಯದ ವಾಸನೆಗೆ ಚಳ್ಳಕೆರೆಯಿಂದಲೂ ನೊಣಗಳು ಬಂದಿದ್ದವು. ಅಪ್ಪ ಅವಳನ್ನು ಬೈಕಿನ ನಡುವೆ ಕೂರಿಸಿಕೊಂಡ. ಬೀಳದ ಹಾಗೆ ಹಿಡಿಯಲು ಹಿಂದೆ ನಾನು.

ಸ್ಪಿರಿಟ್ ವಾಸನೆಯ ಕೋಣೆಯಲ್ಲಿ ಡಾಕ್ಟರಮ್ಮ ಪಟ್ಟಿ ಬಿಚ್ಚಿ, "ಮಾತ್ರೆ ಪೂರ್ತಿ ತಗಂಡ್ಲಾ?" ಎಂದರು.

"ಹ್ಞೂಂ ರೀ, ಒಂದೂ ಬಿಟ್ಟಿಲ್ಲ," ಎಂದ ಅಪ್ಪ. ಬೈಯುತ್ತಾರೆಂಬ ಭಯ ಅವನಿಗೆ.

"ಹಂಗಾದ್ರೆ ಆ ಮಾತ್ರೆಗೆ ಇದು ಬಗ್ತಿಲ್ಲ. ಇನ್ನೂ ಜೋರಾದ ಔಷಧಿ ಹಾಕ್ಬೇಕು," ಎಂದು ಅವರು ಬರೆಯತೊಡಗಿದರು.

ಅಕ್ಕ ನನ್ನ ಕೈ ಹಿಂಡಿದಳು. ಬಾಯಿ ಬಿಟ್ಟರೆ ಚರ್ಮ ಸುಲಿಯುತ್ತೇನೆ ಎಂದು ಅಪ್ಪ ಕಣ್ಣಲ್ಲೇ ಹೇಳಿದ. ಏಟು ಬಿದ್ದರೆ ಬೀಳಲಿ, ಕಾಲು ಅಕ್ಕನದು ಎಂದು ಗಟ್ಟಿ ಮನಸ್ಸು ಮಾಡಿ ಎದ್ದು ನಿಂತೆ.

"ಅಕ್ಕ ನುಂಗಿದ್ದು ನಾಕೇ ರೀ. ಉಳಿದಿದ್ದೆಲ್ಲಾ ನಾವು ನುಂಗಿದ್ವಿ."

"ಲೇ!" ಎಂದು ಅಪ್ಪ ಎದ್ದ.

"ಕುಂತ್ಕಳ್ರಿ. ಇವ್ನು ಹೇಳಿದ್ದೇ ಒಳ್ಳೇದಾತು," ಎಂದು ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ, ಮೊದಲಿನ ಮಾತ್ರೆಯನ್ನೇ ಮತ್ತೆ ಬರೆದರು. "ಒಂದು ಕುರಿ ಕಾಲು ಮುರಿದ್ರೆ ಹಿಂಡಿಗೆಲ್ಲ ಪಟ್ಟಿ ಕಟ್ತೀರೇನ್ರಿ?"

"ಎಲ್ಲಾದ್ರೂ ಉಂಟಾ ರೀ!" ಎಂದ ಅಪ್ಪ.

"ಈ ಮಾತ್ರೆ ಕೀವಿಗೆ. ನೆಗಡಿಗೆ ಏನೂ ಮಾಡಲ್ಲ. ಹೋದ್ಸಲ ನಾನೂ ಬಿಡಿಸಿ ಹೇಳ್ಬೇಕಿತ್ತು. ಈಗ ನೀವೇ ಹೇಳ್ರಿ, ಯಾರಿಗೆ, ಎಷ್ಟು ದಿನ?"

ಇನ್ನೂರು ಕುರಿ ಕಾಯುವ ಅಪ್ಪ ಒಂದನೇ ಕ್ಲಾಸಿನವನಂತೆ ಒಪ್ಪಿಸಿದ: "ಇವಳೊಬ್ಬಳಿಗೇ. ನೀವು ಹೇಳಿದಷ್ಟು ದಿನ. ನೋವು ಹೋತು ಅಂತ ಬಿಡಂಗಿಲ್ಲ." ಡಾಕ್ಟರಮ್ಮ ಇನ್ನೊಮ್ಮೆ ಹೇಳಿಸಿದರು. ಎರಡನೇ ಸಲಕ್ಕೆ ಬಾಗಿಲಲ್ಲಿ ಕಾಯುತ್ತಿದ್ದ ಅಜ್ಜಿಯೊಬ್ಬಳು ದನಿಗೂಡಿಸಿದಳು.

ಆಮೇಲೆ ಪ್ರತಿ ಮಾತ್ರೆಗೂ ಅಪ್ಪ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತು, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುತ್ತಿದ್ದ. ನನಗೆ ಏಟು ಬೀಳಲಿಲ್ಲ. ನೆಗಡಿಗೆ ಅವ್ವ ಕಾಯಿಸಿದ ಮೆಣಸಿನ ಕಷಾಯ ಬಿತ್ತು. ಅದಕ್ಕಿಂತ ಏಟೇ ವಾಸಿ ಅನಿಸಿತು.

ಈಗ ನಿಮ್ಮ ಮೂಗು ಸೋರಿದರೆ ನಿಮ್ಮಮ್ಮ ಡಾಕ್ಟರ ಹತ್ತಿರ ನೇರವಾಗಿ, "ಈ ಮಾತ್ರೆ ಇವನಿಗೆ ಬೇಕೇ ಬೇಕಾ?" ಎಂದು ಕೇಳುತ್ತಾಳೆ. ಡಾಕ್ಟರು ಬೇಡ ಎಂದರೆ ಖುಷಿಯಾಗಿ ಮನೆಗೆ ಕರೆತರುತ್ತಾಳೆ. ನಮ್ಮ ಮನೆಯಲ್ಲಿ ಆ ಒಂದು ಮಾತು ಕೇಳಲು ಕಲಿಯುವಷ್ಟರಲ್ಲಿ ಅಕ್ಕನ ಕಾಲೇ ಹೋಗುವುದರಲ್ಲಿತ್ತು.