ಅಕ್ಷತೆ ನುಂಗಿದ ಕನ್ವರ್ಟರ್

ನಾವು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದಾಗ, ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಗಂಡನಿಗೆ ಸಂಗೀತಕ್ಕಿಂತ ಅದು ಹೊರಡುವ ಡಬ್ಬಿಗಳ ಮೇಲೆ ಪ್ರೀತಿ ಹೆಚ್ಚು. ಸಿ.ಡಿ. ಪ್ಲೇಯರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಡಿಜಿಟಲ್ ಕನ್ವರ್ಟರ್ ಎಂಬ ಇನ್ನೊಂದು ಡಬ್ಬಿ ತಂದು ಕೂರಿಸಿದ್ದರು. ಸಿ.ಡಿ.ಯೊಳಗೆ ಅಂಕಿಗಳಾಗಿ ಕೂತ ಹಾಡನ್ನು ಅದು ಕಿವಿಗೆ ಕೇಳುವ ಹಾಡಾಗಿಸುತ್ತದಂತೆ. ಆ ಕೆಲಸ ಪ್ಲೇಯರೇ ಮಾಡುತ್ತಿತ್ತಲ್ಲ ಎಂದು ಕೇಳಿದ್ದಕ್ಕೆ ಒಂದು ಗಂಟೆ ಪಾಠವಾಯಿತು.

ನವೆಂಬರಿನ ಒಂದು ಸಂಜೆ ಎಡಗಡೆಯ ಸ್ಪೀಕರ್ ಕರಕರ ಎಂದು ಸುಮ್ಮನಾಯಿತು. ವೈರು ಅದಲುಬದಲು ಮಾಡಿ ನೋಡಿದರೆ ಕೆಟ್ಟಿದ್ದು ಕನ್ವರ್ಟರ್. ಗಂಡನ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಇಂದಿರಾನಗರದ ಅಂಗಡಿಯಲ್ಲಿ ಹೊಸ ಮಾಡೆಲ್ ನೋಡಿ ಬಂದು ಒಂದು ವಾರವಾಗಿತ್ತಷ್ಟೆ. ಚಿಪ್ಪೇ ಹೋಗಿರುತ್ತದೆ, ರಿಪೇರಿ ದಂಡ ಎಂದು ಮುಚ್ಚಳ ತೆಗೆಯುವ ಮೊದಲೇ ತೀರ್ಪು ಕೊಟ್ಟರು.

ನಾನು ಬಿಡಲಿಲ್ಲ. ಶನಿವಾರ ಆಫೀಸು ಮುಗಿಸಿ, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶಿವಾಜಿನಗರಕ್ಕೆ ಹೋದೆ. ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಓರೆ ಮಾಡಿದರು. ಮೇಜಿನ ಮೇಲೆ ಅಕ್ಷತೆ ಉದುರಿತು. ಒಳಗಿನ ಬೋರ್ಡಿನ ಮೇಲೆ ಕುಂಕುಮದ ನೀರು ಒಣಗಿ ಕೂತಿತ್ತು.

"ಮೇಡಂ, ಇದಕ್ಕೆ ಪೂಜೆ ಮಾಡಿದ್ದು ಯಾರು?"

ಆಯುಧಪೂಜೆಯ ದಿನ ಗಂಡ ಫ್ಯಾಕ್ಟರಿಗೆ ಹೋಗಿದ್ದರು. ಮಂಡಿನೋವಿನ ಅತ್ತೆ ಸೋಫಾದಲ್ಲಿ ಕೂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ ಹಾಕಿದ ಕೈಯಲ್ಲೇ ಈ ಡಬ್ಬಿಗೂ ಧಾರಾಳವಾಗಿ ಹಾಕಿದ್ದೆ. ಮೇಲೆ ಗಾಳಿಯಾಡಲು ತೂತುಗಳಿದ್ದದ್ದು ಭಕ್ತಿಯಲ್ಲಿ ಕಾಣಲಿಲ್ಲ.

"ನಮ್ಮತ್ತೆ," ಅಂದುಬಿಟ್ಟೆ.

ಚಿಪ್ಪಿಗೆ ಏನೂ ಆಗಿಲ್ಲ, ತುಕ್ಕು ಹಿಡಿದ ಎರಡು ಸಣ್ಣ ಪಾರ್ಟು ಬದಲಾಯಿಸಿದರೆ ಸಾಕು ಎಂದರು ಅವರು. ನಾನು ಗೆದ್ದ ಖುಷಿಯಲ್ಲಿ ಮನೆಗೆ ಬಂದೆ. ಆದರೆ ಡಬ್ಬಿ ವಾಪಸು ತರಲು ಹೋದದ್ದು ಗಂಡ. ಡಬ್ಬಿಯ ಜೊತೆಗೆ, ನಿಮ್ಮ ತಾಯಿಗೆ ಭಾಳ ಭಕ್ತಿ ಎಂದು ರಿಪೇರಿಯವರು ಹೇಳಿದ ಸುದ್ದಿಯನ್ನೂ ತಂದರು. ಒಳಗೆ ಬಂದವರೇ, ಕುಂಕುಮ ಹಾಕಿದ್ದು ನೀನಾ ಎಂದು ಅಮ್ಮನನ್ನು ಕೇಳಿದರು.

ಅತ್ತೆ ನನ್ನನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. "ಹೂಂ ಕಣೋ, ನಾನೇ. ಎಲ್ಲಾದಕ್ಕೂ ಹಾಕಿ ನಿನ್ ಡಬ್ಬಿ ಒಂದನ್ನ ಬಿಡಕ್ಕಾಗುತ್ತಾ?"

ನಾನು ಡಬ್ಬಿ ಸುತ್ತಿದ್ದ ಟವೆಲ್ಲನ್ನು ಮಡಚತೊಡಗಿದೆ.

ಎರಡೂ ಸ್ಪೀಕರ್ ಚೆನ್ನಾಗಿ ಹಾಡಿದವು. ಗಂಡ ಎಷ್ಟು ಹೊತ್ತು ಹುಡುಕಿದರೂ ಕುಂದು ಸಿಗಲಿಲ್ಲ. ಹೊಸದರ ಮಾತು ಮುಗಿಯಿತು ಎಂದುಕೊಂಡೆ. ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಅತ್ತೆ ಕಾಫಿ ಕುಡಿಯುತ್ತಾ, ತಮ್ಮ ಕೋಣೆಯ ಡಿವಿಡಿ ಪ್ಲೇಯರಿನಲ್ಲಿ ಭಜನೆ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ, ಆ ಡಬ್ಬಿ ಅಲ್ಲಿದ್ದರೆ ಚೆನ್ನ ಎಂದರು. ಅಷ್ಟೇ ಹೇಳಿದ್ದು. ಪೂಜೆಯ ಮಾತು ಎತ್ತಲಿಲ್ಲ.

ವಯಸ್ಸಾದವರ ಆಸೆ ತೀರಿಸಬೇಕು ಎಂದು ಅವತ್ತು ಸಂಜೆ ಗಂಡನಿಗೆ ಬುದ್ಧಿ ಹೇಳಿದವಳು ನಾನೇ. ಅವರು ಅಷ್ಟು ಬೇಗ ನನ್ನ ಮಾತು ಒಪ್ಪಿದ್ದು ಅದೇ ಮೊದಲು. ಹಳೆಯದು ಅತ್ತೆಯ ಕೋಣೆ ಸೇರಿತು, ಭಾನುವಾರ ಇಂದಿರಾನಗರದಿಂದ ಹೊಸ ಕನ್ವರ್ಟರ್ ಬಂತು. ಆಟೋದಲ್ಲಿ ಅದು ನನ್ನ ತೊಡೆಯ ಮೇಲಿತ್ತು.

ಎಷ್ಟೋ ದಿನದ ಮೇಲೆ, ಅವತ್ತು ನನ್ನನ್ನು ಯಾಕೆ ಹಿಡಿದುಕೊಡಲಿಲ್ಲ ಎಂದು ಅತ್ತೆಯನ್ನು ಕೇಳಿದೆ.

"ಹಿಡಿದುಕೊಟ್ಟಿದ್ರೆ ನಂಗೇನಮ್ಮ ಸಿಗ್ತಿತ್ತು?" ಎಂದು ಭಜನೆಯ ಸದ್ದು ಸ್ವಲ್ಪ ಜೋರು ಮಾಡಿದರು.