ಗುಂಡ್ಯಾನ ಮೊಣಕಾಲು

ಗಜೇಂದ್ರಗಡದ ಸಂಕವ್ವ ಮೂವತ್ತು ವರ್ಷದಿಂದ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಾಳೆ. ಒಂದು ಎಳೆ ಹರಿದರೂ ಮೊದಲು ಅವಳ ಕೈಗೆ ಗೊತ್ತಾಗುತ್ತದೆ, ಆಮೇಲೆ ಅವಳ ಬೈಗುಳದಿಂದ ಇಡೀ ಓಣಿಗೆ. ಅವಳ ನಾಯಿ ಗುಂಡ್ಯಾ ಒಂದು ಹಿಂಗಾಲು ಎತ್ತಿಕೊಂಡೇ ಕುಂಟತೊಡಗಿದಾಗ, ಅವನನ್ನು ಬಗಲಲ್ಲಿ ಎತ್ತಿಕೊಂಡು ದನದ ದವಾಖಾನೆಗೆ ಹೋದಳು.

“ಮೊಣಕಾಲಿನ ಒಳಗ ಎಲುಬು ಹಿಡದಿಡೋ ಹುರಿ ಸವದೈತ್ರಿ,” ಎನ್ನುತ್ತ ಡಾಕ್ಟರ್ ಹಸೀನಾ ಸೂಕ್ಷ್ಮದರ್ಶಕದಲ್ಲಿ ತೆಗೆದ, ಬೇರೆ ನಾಯಿಗಳ ಹುರಿಯ ಎರಡು ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದರು. ಗಟ್ಟಿ ಹುರಿಯಲ್ಲಿ ಎಳೆಗಳ ನಡುವೆ ತೆಳ್ಳನೆಯ, ಉದ್ದನೆಯ ಜೀವಕೋಶಗಳು ಸಾಲಾಗಿ ಕೂತಿದ್ದವು. ಸವೆದ ಹುರಿಯಲ್ಲಿ ಬಹಳಷ್ಟು ದುಂಡಗಾಗಿದ್ದವು.

“ಈ ಉದ್ದನ್ನವು ಏನ್ ಮಾಡ್ತಾವ್ರಿ?”

“ಎಳಿ ತಯಾರ ಮಾಡೋವು ಅವ ನೋಡ್ರಿ.”

“ಹಂಗಾರ ಈ ದುಂಡನ್ನವು? ಕುಂತು ತಿಂದು ಹಿಂಗಾಗ್ಯಾವೇನ್?”

“ಅವನ್ನ ಬೈಬ್ಯಾಡ್ರಿ ಯವ್ವಾ. ಮ್ಯಾಲೆ ಭಾರ ಬಿದ್ದು ಬಿದ್ದು ಹಂಗಾಗ್ತಾವು. ಗುಂಡ್ಯಾಗ ದಿನಾ ಏನ್ ಹಾಕ್ತೀರಿ?”

ಸಂಕವ್ವ ಗುಂಡ್ಯಾನ ಹೊಟ್ಟೆಯ ಮೇಲೆ ಸೆರಗು ಎಳೆದಳು. ಹೊತ್ತಿಗೆ ಮೂರು ರೊಟ್ಟಿ, ಮೇಲೆ ತುಪ್ಪ.

“ಸಣ್ಣ ಜಾತಿ ನಾಯಿ ಐತಿ, ಉದ್ದನ್ನವು ಇನ್ನೂ ಉಳದಿರ್ತಾವು,” ಎಂದರು ಡಾಕ್ಟರು. “ಭಾರ ಇಳಿಸ್ರಿ, ಕಾಲು ಊರ್ತಾನ.”

ಮೂರು ತಿಂಗಳಿಗೆ ಗುಂಡ್ಯಾ ತೆಳ್ಳಗಾದ, ಅಳುಕುತ್ತಲೇ ನಾಲ್ಕನೆಯ ಕಾಲನ್ನೂ ನೆಲಕ್ಕೆ ಊರಿದ. ಅದನ್ನು ಕಂಡು ನೆರೆಮನೆಯ ನಾಗರತ್ನಾ ಖುಷಿಯಿಂದ ತುಪ್ಪದ ರೊಟ್ಟಿ ಚಾಚಿದಾಗ, ಸಂಕವ್ವ ಮಗ್ಗದಿಂದಲೇ ಗದರಿದಳು:

“ಹಾಕಬ್ಯಾಡ! ಅವನ ಮೊಣಕಾಲಾಗ ನಮ್ಮ ಮಂದಿ ನೇಯಾಕತ್ಯಾರ!”